ಡೆಕೋರಾದ ಪತ್ರಿಕೆ

ಬಿ.ಎಸ್ಸಿ.ಗೆ ಭೂವಿಜ್ಞಾನ ಓದಿ ದೆಹಲಿಯಲ್ಲಿ ಸರ್ಕಾರಿ ಕಡತ ಹೊರುವ ನನಗೆ ನಕ್ಷೆಯ ಹುಚ್ಚು ಬಿಟ್ಟಿಲ್ಲ. ಅಮೆರಿಕದ ಅಯೋವಾ ಎಂದರೆ ಬಯಲು, ಮುಸುಕಿನ ಜೋಳ. ಈಶಾನ್ಯದ ವಿನೆಶೀಕ್ ಕೌಂಟಿ ಮಾತ್ರ ಹಾಗಲ್ಲ. ಕಡೆಯ ಹಿಮಯುಗದ ಹಿಮರಾಶಿ ಅತ್ತ ಸುಳಿಯದೆ ಸುಣ್ಣಕಲ್ಲಿನ ಗುಡ್ಡಗಳು ಉಳಿದವು. ಹೋ-ಚಂಕ್ ಜನರನ್ನು 1848ರಲ್ಲಿ ಎಬ್ಬಿಸಿದ ಮೇಲೆ (ಉಳಿದದ್ದು ಅವರ ನಾಯಕನ ಹೆಸರೊಂದೇ!) ಡೆಕೋರಾದಲ್ಲಿ ನಾರ್ವೆಯವರು, ಸ್ಪಿಲ್‌ವಿಲ್‌ನಲ್ಲಿ ಚೆಕ್ಕರು ನೆಲೆಸಿದರು. ಸಂಗೀತಗಾರ ದ್ವೋರ್ಝಾಕ್ 1893ರ ಬೇಸಿಗೆಯನ್ನು ಅಲ್ಲಿ ತನ್ನ ಭಾಷೆಯವರ ನಡುವೆ ಕಳೆದ.

ನನ್ನನ್ನು ಕಾಡುವುದು 'ಡೆಕೋರಾ ಪೋಸ್ಟನ್'. 1874ರಲ್ಲಿ ಹುಟ್ಟಿದ ಆ ನಾರ್ವೇಜಿಯನ್ ಪತ್ರಿಕೆ 1972ರಲ್ಲಿ ನಿಂತಿತು; ಓದಬಲ್ಲವರು ಕಡಿಮೆಯಾಗಿದ್ದರು. ನಮ್ಮ ಈ ಮಾಸಪತ್ರಿಕೆ ಬಂದರೆ ನನ್ನ ಮಗಳು ಚಿತ್ರ ನೋಡಿ ಮಡಚಿಡುತ್ತಿದ್ದಳು. ಈಗ ದಿನಕ್ಕೊಂದು ಪುಟ ಗಟ್ಟಿಯಾಗಿ ಓದಿಸುತ್ತಿದ್ದೇನೆ. ಒತ್ತಕ್ಷರ ಬಂದಲ್ಲಿ ಎಡವುತ್ತಾಳೆ, ನನ್ನನ್ನು ಬೈದುಕೊಳ್ಳುತ್ತಾಳೆ, ಹಿಂದಿಯಲ್ಲಿ.