ಮೂರೆಳೆಯ ಹೆರಳು

ಪುಣೆಯ ತುಳಸೀಬಾಗಿನ ಓಣಿಗಳಲ್ಲಿ ದೊರೆಯದ ಸ್ತ್ರೀ ಅಲಂಕಾರದ ವಸ್ತುವೇ ಇಲ್ಲವೆಂಬುದು ಆ ಊರಿನವರ ನಂಬಿಕೆ. ಪೇಶ್ವೆಯರ ಕಾಲದ ರಾಮಮಂದಿರವೊಂದರ ಸುತ್ತ ಬೆಳೆದ ಆ ಪೇಟೆಯಲ್ಲಿ ಬಳೆ, ಕುಂಕುಮ, ಸರ, ಸೂಜಿಪಿನ್ನುಗಳ ಅಂಗಡಿಗಳ ಪಕ್ಕದಲ್ಲೇ ಹಿತ್ತಾಳೆಯ ಪೂಜಾಸಾಮಗ್ರಿಯ ಅಂಗಡಿಗಳೂ ಇವೆ. 1965ರಲ್ಲಿ ಧಾರವಾಡದಿಂದ ಮದುವೆಯಾಗಿ ಸದಾಶಿವ ಪೇಟೆಯ ವಾಡೆಯೊಂದಕ್ಕೆ ಬಂದ ಇಪ್ಪತ್ತೊಂದರ ಹರೆಯದ ಹೆಣ್ಣುಮಗಳೊಬ್ಬಳು, ಮರಾಠಿ ಇನ್ನೂ ನಾಲಗೆಗೆ ಹತ್ತದ ದಿನಗಳಲ್ಲಿ, ಅಲ್ಲಿಗೆ ಹೋಗಿ 'ಚೌರಿ' ಕೊಡಿರೆಂದು ಕೇಳಿದಳು. ಅಂಗಡಿಯವನು ಮರುಮಾತಿಲ್ಲದೆ ಹಿಡಿಯುಳ್ಳ ಬಿಳಿಯ ಚಾಮರವೊಂದನ್ನು ತೆಗೆದು ಆಕೆಯ ಮುಂದಿಟ್ಟ. ಮರಾಠಿಯಲ್ಲಿ ಚವರಿಯೆಂದರೆ ದೇವರಿಗೆ ಬೀಸುವ ಚಾಮರ. ಆಕೆ ತನ್ನ ಹೆರಳನ್ನು ಭುಜದ ಮೇಲಿಂದ ಮುಂದಕ್ಕೆಳೆದು, ಅದರ ತುದಿಯನ್ನು ತೋರಿಸಿ, ಇನ್ನೊಂದು ಗೇಣು ಬೇಕೆಂದು ಕೈಸನ್ನೆ ಮಾಡಬೇಕಾಯಿತು. 'ಗಂಗಾವನ!' ಎಂದು ಅಂಗಡಿಯವನು ನಕ್ಕನಂತೆ. ಪುಣೆಯಲ್ಲಿ ಆಕೆ ಕಲಿತ ಮೊದಲ ಕೆಲವು ಶಬ್ದಗಳಲ್ಲಿ ಅದೂ ಒಂದು.

ಶಬ್ದಶಾಸ್ತ್ರದ ದೃಷ್ಟಿಯಿಂದ ನೋಡಿದರೆ ಅಂಗಡಿಯವನು ಅಷ್ಟೇನೂ ತಪ್ಪಿರಲಿಲ್ಲ. ಹಿಮಾಲಯದಾಚೆಯ ಚಮರೀಮೃಗದ ಬಾಲದ ಕೂದಲು ದೇವರ ಕೈಸೇವೆಗೆ ಒದಗಿ ಚಾಮರವಾಯಿತು, ಹೆಣ್ಣಿನ ತಲೆಗೆ ಒದಗಿ ಚೌರಿಯಾಯಿತು. ಒಂದೇ ಪದ ಕೃಷ್ಣೆಯ ಆಚೆ ಒಂದು ದಾರಿ ಹಿಡಿದರೆ ಈಚೆ ಮತ್ತೊಂದು ಹಿಡಿಯಿತು. 'ಜಡೆ'ಯ ಕಥೆಯೂ ಇಂಥದೇ. ಸಂಸ್ಕೃತದ 'ಜಟಾ' ತಪಸ್ವಿಯ ನೆತ್ತಿಯ ಮೇಲೆ ಗಂಟುಕಟ್ಟಿದರೆ ವೈರಾಗ್ಯ, ಬಾಲೆಯ ಬೆನ್ನಿನ ಮೇಲೆ ಇಳಿದರೆ ಶೃಂಗಾರ. ಉತ್ತರ ಕರ್ನಾಟಕದ ಮನೆಗಳಲ್ಲಿ ಮಾತ್ರ ಇದಾವುದರ ಹಂಗಿಲ್ಲದ 'ಹೆರಳು' ಎಂಬ ದೇಸಿಪದವೇ ಬಳಕೆಯಲ್ಲಿದೆ.

ಆ ಹೆಣ್ಣುಮಗಳಿಗೆ ಹೆರಳು ಹಾಕಲು ಕಲಿಸಿದವಳು ಆಕೆಯ ಸೋದರತ್ತೆ. ಹನ್ನೆರಡನೆಯ ವಯಸ್ಸಿಗೆ ವಿಧವೆಯಾಗಿ ತವರಿಗೆ ಮರಳಿದವಳು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ ಮೇಲೆ ಮತ್ತೆ ಬಾಚಣಿಗೆ ಆಕೆಯ ತಲೆಯನ್ನು ಮುಟ್ಟಲಿಲ್ಲ. ಅಂಥವಳು ಧಾರವಾಡದ ಆ ಓಣಿಯಲ್ಲೆಲ್ಲ ಹೆರಳು ಹಾಕುವುದರಲ್ಲಿ ಎತ್ತಿದ ಕೈ ಎನಿಸಿಕೊಂಡಿದ್ದಳು. ಬೆಳಗ್ಗೆ ಮಡಿ ಉಡುವುದಕ್ಕೆ ಮೊದಲಿನ ಒಂದು ಗಳಿಗೆ ಅವಳ ಕೆಲಸದ ಹೊತ್ತು. ಮನೆಯ ನಾಲ್ಕು ಹುಡುಗಿಯರ ಜೊತೆಗೆ ನೆರೆಮನೆಯ ಹುಡುಗಿಯರೂ ಪಡಸಾಲೆಯಲ್ಲಿ ಸಾಲಾಗಿ ಕುಳಿತಿರುತ್ತಿದ್ದರು. ಎಣ್ಣೆ ಹಚ್ಚಿ, ಸಿಕ್ಕು ಬಿಡಿಸಿ, ಬೈತಲೆ ತೆಗೆದು, ಕೂದಲನ್ನು ಮೂರು ಪಾಲು ಮಾಡಿ ಹೆಣೆಯತೊಡಗಿದರೆ ಅವಳ ಬೆರಳುಗಳಿಗೆ ಕಣ್ಣಿನ ಅಗತ್ಯವಿರಲಿಲ್ಲ. ಕತ್ತಿನ ಹತ್ತಿರದ ಮೊದಲ ಎರಡು ಹೆಣಿಗೆ ಬಿಗಿ, ಮುಂದೆ ಇಳಿದಂತೆ ಸಡಿಲ. ಒಂದು ಎಳೆ ತೆಳುವಾಗುತ್ತ ಬಂದರೆ ಪಕ್ಕದ ಎಳೆಯಿಂದ ಯಾರಿಗೂ ತಿಳಿಯದಂತೆ ನಾಲ್ಕು ಕೂದಲು ಸಾಲ ತೆಗೆದು ಸರಿದೂಗಿಸುವಳು. ಚೌರಿ ಸೇರಿಸುವುದಾದರೆ ಮೂರನೆಯ ಹೆಣಿಗೆಯಲ್ಲಿ, ಚೌರಿಯ ಮೂರು ಎಳೆಗಳನ್ನು ತಲೆಯ ಮೂರು ಎಳೆಗಳೊಡನೆ ಒಂದೊಂದಾಗಿ ಕೂಡಿಸಿ. ಕೂಡಿದ ಜಾಗ ಯಾವುದೆಂದು ಹುಡುಗಿಗೇ ಗೊತ್ತಾಗದಂತೆ. ಎಲ್ಲ ಮುಗಿದ ಮೇಲೆ ಅಂಗೈಯನ್ನು ಒಮ್ಮೆ ಮೇಲಿನಿಂದ ಕೆಳಗಿನ ತನಕ ಹೆರಳಿನ ಮೇಲೆ ಆಡಿಸುವಳು. ನಂತರ 'ಏಳು' ಎನ್ನುವಳು. ಅಷ್ಟೇ. ಹಬ್ಬದ ದಿನ ಅವೇ ಹುಡುಗಿಯರ ಆರತಿಗೆ ಅವಳು ಎದುರಿಗೆ ಬರುವಂತಿರಲಿಲ್ಲ.

ಬಾಚಣಿಗೆಗೆ ಬಂದ ಕೂದಲನ್ನೂ ಅವಳು ಎಸೆಯುತ್ತಿರಲಿಲ್ಲ. ಬೆರಳಿಗೆ ಸುತ್ತಿ ಉಂಡೆ ಮಾಡಿ ಗೋಡೆಯ ಗೂಡಿನಲ್ಲಿಡುವಳು. ವರ್ಷಗಟ್ಟಲೆ ಕೂಡಿದ ಆ ಉಂಡೆಗಳಿಂದ ಚೌರಿ ಕಟ್ಟಿಸಿ ಮದುವೆಯಾಗಿ ಹೋಗುವ ಹುಡುಗಿಯ ಟ್ರಂಕಿನಲ್ಲಿ ಇಡುವುದು ಅವಳೇ ಮಾಡಿಕೊಂಡ ನೇಮ. ತುಳಸೀಬಾಗಿಗೆ ಹೋದದ್ದು, ಆ ಚೌರಿ ಸವೆದು ತೆಳುವಾಗಿದೆಯೆಂದು ಇನ್ನೊಂದನ್ನು ಜೋಡಿಸಿಕೊಳ್ಳಲು.

ಪುಣೆಗೆ ಬಂದ ಮೇಲೆ ಆಕೆಗೆ ತನ್ನ ಅತ್ತೆಯ ನೆನಪು ಮತ್ತೆ ಮತ್ತೆ ಬಂದುದಕ್ಕೆ ಕಾರಣವುಂಟು. ಹೆಣ್ಣಿನ ತಲೆಗೂದಲಿನ ಪ್ರಶ್ನೆಯನ್ನು ಹತ್ತೊಂಬತ್ತನೆಯ ಶತಮಾನದಲ್ಲಿ ಇಷ್ಟು ತೀವ್ರವಾಗಿ ಎದುರಿಸಿದ ಊರುಗಳು ನಮ್ಮಲ್ಲಿ ಕಡಿಮೆ. ಜ್ಯೋತಿರಾವ್ ಮತ್ತು ಸಾವಿತ್ರೀಬಾಯಿ ಫುಲೆ ವಿಧವೆಯರ ಮಕ್ಕಳನ್ನು ಉಳಿಸಲು 1863ರಲ್ಲಿ ಆಶ್ರಯಧಾಮ ತೆರೆದದ್ದು ಈ ಊರಿನಲ್ಲಿ. ಪಂಡಿತಾ ರಮಾಬಾಯಿ ತಮ್ಮ ಶಾರದಾ ಸದನವನ್ನು 1890ರಲ್ಲಿ ಮುಂಬಯಿಯಿಂದ ಇಲ್ಲಿಗೆ ತಂದರು. ಅದೇ ವರ್ಷ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರೇರಣೆಯಿಂದ ಕ್ಷೌರಿಕರು ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ಮುಷ್ಕರ ಹೂಡಿದರು. ಶಾಸ್ತ್ರಾರ್ಥದ ಸಭೆಗಳಲ್ಲಿ ಪಂಡಿತರು ತೀರ್ಮಾನಿಸಲಾಗದ ವಿಷಯವನ್ನು ಕತ್ತಿ ಹಿಡಿದ ಕೈಗಳೇ ತೀರ್ಮಾನಿಸಹೊರಟ ಈ ಪ್ರಸಂಗಕ್ಕೆ ನಮ್ಮ ಸಾಮಾಜಿಕ ಇತಿಹಾಸದಲ್ಲಿ ಇನ್ನೂ ತಕ್ಕ ಸ್ಥಾನ ಸಿಕ್ಕಿಲ್ಲವೆನ್ನಬೇಕು. 1893ರಲ್ಲಿ ಧೋಂಡೋ ಕೇಶವ ಕರ್ವೆ ವಿಧವೆಯೊಬ್ಬರನ್ನು ಮದುವೆಯಾದರು. 1896ರಲ್ಲಿ ಅವರು ಸ್ಥಾಪಿಸಿದ ವಿಧವಾಶ್ರಮ 1900ರಲ್ಲಿ ಹಿಂಗಣೆಗೆ ಹೋಯಿತು. ಆ ಸಂಸ್ಥೆಗಾಗಿ ಊರೂರು ಅಲೆದು ಹಣ ಕೂಡಿಸಿದ ಪಾರ್ವತೀಬಾಯಿ ಆಠವಲೆಯವರು ಅನೇಕ ವರ್ಷ ಬೋಳುತಲೆಯಲ್ಲೇ ಇದ್ದು, ಕೊನೆಗೆ ಕೂದಲು ಬಿಡುವ ನಿರ್ಧಾರ ಮಾಡಿದ ಬಗೆಯನ್ನು 1928ರ ತಮ್ಮ 'ಮಾಝೀ ಕಹಾಣೀ'ಯಲ್ಲಿ ಹೇಳಿಕೊಂಡಿದ್ದಾರೆ. ಕನ್ನಡದಲ್ಲಿ ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' ಬಂದದ್ದು 1976ರಲ್ಲಿ. ಆಕೆ ಅದನ್ನು ವಾಚನಾಲಯದಿಂದ ತಂದು ಒಂದೇ ರಾತ್ರಿ ಓದಿ, ಮರುದಿನ ಬಸ್ಸಿನಲ್ಲಿ ಕರ್ವೆನಗರದ ಮೇಲೆ ಹಾದುಹೋಗುವಾಗ, ಧಾರವಾಡದಿಂದ ಇಲ್ಲಿಗೆ ರೈಲು ಒಂದೇ ರಾತ್ರಿಯದಲ್ಲವೇ ಎಂದು ಯೋಚಿಸಿದಳು. ಅತ್ತೆಯನ್ನು ಆ ರೈಲಿಗೆ ಹತ್ತಿಸುವವರು ಯಾರೂ ಇರಲಿಲ್ಲ.

ಕಾಲ ಸರಿಯಿತು. ವಾಡೆ ಹೋಗಿ ಫ್ಲ್ಯಾಟು ಬಂದಿತು. ಮಗ ಕೊಲ್ಹಾಪುರದ ಮರಾಠಿ ಮನೆತನದ ಹುಡುಗಿಯನ್ನು ಮದುವೆಯಾದ. ಸೊಸೆ ಒಳ್ಳೆಯವಳು, ಹಿಂಜವಡಿಯ ಕಂಪ್ಯೂಟರ್ ಕಂಪನಿಗೆ ಬೆಳಗಿನ ಏಳಕ್ಕೇ ಹೊರಡುವವಳು. ಮನೆಯ ಮಾತು ಮರಾಠಿ, ಮೊಮ್ಮಗಳ ಶಾಲೆಯ ಮಾತು ಇಂಗ್ಲಿಷು. ಹೀಗಿದ್ದರೂ ಮೊಮ್ಮಗಳಿಗೆ ಕನ್ನಡ ಬಂದಿತು, ಮತ್ತು ಬಂದದ್ದು ಹೆರಳಿನ ದಾರಿಯಿಂದ. ದಿನಕ್ಕೆ ಇಪ್ಪತ್ತು ನಿಮಿಷ ಅಜ್ಜಿಯ ಮುಂದೆ ಬೆನ್ನು ಮಾಡಿ ಕುಳಿತುಕೊಳ್ಳುವ ಹುಡುಗಿಗೆ ಕಿವಿ ಮುಚ್ಚಿಕೊಳ್ಳುವ ಉಪಾಯವಿರಲಿಲ್ಲ. ಸಿಕ್ಕು, ಎಳೆ, ಬೈತಲೆ, ಸೀಗೆ, ಕುಚ್ಚು ಎಂಬಲ್ಲಿಂದ ಆರಂಭವಾದದ್ದು ಧಾರವಾಡದ ಮಳೆ, ಓಣಿಯ ಜಗಳ, ಅತ್ತೆಯ ಮಾತು ಎಂದು ಬೆಳೆಯಿತು. ದ್ರೌಪದಿಯ ಬಿಚ್ಚಿದ ಮುಡಿಯ ಕಥೆಯನ್ನು ಆ ಹುಡುಗಿ ಕೇಳಿದ್ದು ಪಂಪನಿಂದಲ್ಲ, ರನ್ನನಿಂದಲ್ಲ, ತನ್ನ ಬೆನ್ನ ಹಿಂದಿನಿಂದ. ಭೀಮನೇ ಕೊನೆಗೆ ಅದನ್ನು ಕಟ್ಟಿದನೆಂದು ತಿಳಿದಾಗ, ಅವನಿಗೆ ಹೆರಳು ಹಾಕಲು ಬರುತ್ತಿತ್ತೇ ಎಂದು ಕೇಳಿದಳು. ಕಾವ್ಯಮೀಮಾಂಸಕರು ಎತ್ತದ ಪ್ರಶ್ನೆ. 2020ರ ಲಾಕ್‌ಡೌನಿನಲ್ಲಿ ಶಾಲೆ ಪರದೆಯ ಮೇಲೆ ನಡೆಯುತ್ತಿದ್ದಾಗಲೂ, ಹೊರಗೆ ಹೋಗುವ ಕಾರಣವೇ ಇಲ್ಲದಿದ್ದಾಗಲೂ, ಹೆರಳು ತಪ್ಪಲಿಲ್ಲ.

ತಪ್ಪಿದ್ದು 2022ರಲ್ಲಿ. ಅಜ್ಜಿಯ ಬೆರಳ ಗೆಣ್ಣುಗಳು ಸಂಧಿವಾತದಿಂದ ಬಾತು, ಎರಡು ಎಳೆ ಹಿಡಿದರೆ ಮೂರನೆಯದು ಜಾರತೊಡಗಿತು. ಸೊಸೆ, ಅತ್ತೆಗೆ ನೋವಾಗುವುದನ್ನು ನೋಡಲಾರದೆ, ಹೆರಳು ಹಾಕುವ ಯಂತ್ರವೊಂದನ್ನು ತರಿಸಿದಳು. ಟಾರ್ಚಿನಂಥ ಹಿಡಿ, ತುದಿಯಲ್ಲಿ ಎರಡು ಕೊಕ್ಕೆ, ಬದಿಗೆ ಗುಂಡಿ, ಒಳಗೆ ಬ್ಯಾಟರಿ.

ಇಂಥ ಯಂತ್ರದ ವಿಚಾರವಾಗಿ ಎರಡು ಮಾತು ಹೇಳಬೇಕು. ಹೆಣೆಯುವ ಯಂತ್ರ ಹೊಸದೇನಲ್ಲ; 1748ರಲ್ಲೇ ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಅದಕ್ಕೆ ಪೇಟೆಂಟ್ ದೊರೆತಿತ್ತು. ಬೂಟಿನ ಲೇಸು, ಲಂಗದ ಲಾಡಿಗಳೆಲ್ಲ ಇಂದು ಅದರ ಸಂತತಿಯಿಂದಲೇ ಬರುತ್ತವೆ. ಅದರ ಚಲನೆಯನ್ನು ತಿಳಿಯಬೇಕಾದರೆ ನಮ್ಮ ಜಡೆಕೋಲಾಟವನ್ನು, ಮರಾಠಿಗರ ಗೋಫವನ್ನು ನೆನೆದರೆ ಸಾಕು. ಮೇಲಿನಿಂದ ಇಳಿಬಿಟ್ಟ ಹಗ್ಗಗಳ ತುದಿ ಹಿಡಿದು ಕುಣಿಯುವವರು ಒಬ್ಬರ ಹೊರಗೆ, ಮತ್ತೊಬ್ಬರ ಒಳಗೆ ಹಾದುಹೋದಂತೆ ನಡುವೆ ಜಡೆ ಬೆಳೆಯುತ್ತದೆ. ಯಂತ್ರದಲ್ಲಿ ಕುಣಿಯುವವರ ಬದಲು ನೂಲಿನ ಉರುಳೆಗಳು ಹಾವಿನ ಹರಿದಾಟದಂಥ ಹಳಿಗಳ ಮೇಲೆ ಓಡುತ್ತವೆ. ಆದರೆ ಉರುಳೆಗೆ ಸುತ್ತಿದ ನೂಲು ಬೇಕಾದಷ್ಟು ಬಿಚ್ಚಿಕೊಳ್ಳುತ್ತದೆ. ತಲೆಗೂದಲಿಗೆ ಆ ಸೌಲಭ್ಯವಿಲ್ಲ. ಒಂದು ತುದಿ ಬೇರಿನಲ್ಲಿ ನಾಟಿದೆ, ಇನ್ನೊಂದು ತುದಿ ಒಂದೊಂದು ಕೂದಲಿಗೆ ಒಂದೊಂದು ಉದ್ದದಲ್ಲಿ ಮುಗಿದಿದೆ, ಮೇಲಿಂದ ಎಣ್ಣೆಯ ಜಾರು ಬೇರೆ. ಅದಕ್ಕಾಗಿ ಮನೆಬಳಕೆಯ ಅಗ್ಗದ ಯಂತ್ರಗಳು ಹೆಣೆಯುವ ಗೊಡವೆಗೇ ಹೋಗುವುದಿಲ್ಲ. ಎರಡು ಎಳೆಗಳನ್ನು ಬೇರೆಬೇರೆಯಾಗಿ ಒಂದು ದಿಕ್ಕಿಗೆ ಹೊಸೆದು, ನಂತರ ಎರಡನ್ನೂ ಕೂಡಿಸಿ ವಿರುದ್ಧ ದಿಕ್ಕಿಗೆ ಸುತ್ತುತ್ತವೆ. ನೋಡಲು ಹೆರಳಿನಂತೆ ಕಾಣುತ್ತದೆ. ಅಜ್ಜಿ ಒಮ್ಮೆ ಮುಟ್ಟಿ ನೋಡಿ, "ಇದು ಹಗ್ಗ ಆತು, ಹೆರಳು ಆಗಲಿಲ್ಲ" ಎಂದಳು. ತುದಿಯ ರಬ್ಬರು ಸಡಿಲಾದೊಡನೆ ಅದು ತಾನಾಗಿಯೇ ತಿರುಗಿ ಬಿಚ್ಚಿಕೊಂಡಿತು.

ಯಂತ್ರವನ್ನು ಹಳಿಯುವುದು ಸುಲಭ, ಆದರೆ ನ್ಯಾಯವಲ್ಲ. ಆಫ್ರಿಕಾದಲ್ಲಿ, ಅಮೆರಿಕದ ಕಪ್ಪುಜನರಲ್ಲಿ, ಕೂದಲಿಗೆ ಹೊರಗಿನ ಎಳೆ ಸೇರಿಸುತ್ತ ತಲೆತುಂಬ ಸಣ್ಣ ಸಣ್ಣ ಜಡೆ ಹೆಣೆಯಲು ಅನೇಕ ತಾಸುಗಳು ಹಿಡಿಯುತ್ತವೆ. ಹೆಣೆಯುವವರ ಮಣಿಕಟ್ಟು, ಬೆರಳು, ಬೆನ್ನು ಎಲ್ಲವೂ ಸವೆಯುತ್ತವೆ. ಅವರ ನೋವನ್ನು ಕಡಿಮೆ ಮಾಡುವ ಸಲುವಾಗಿ ನಿಜವಾಗಿ ಮೂರೆಳೆ ಹೆಣೆಯುವ ಯಂತ್ರವನ್ನು ರೂಪಿಸುವ ಯತ್ನ ಈಚಿನ ವರ್ಷಗಳಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದ ಆವರಣದಲ್ಲೂ ನಡೆದಿದೆ. ಅಲ್ಲಿಯೂ ಜಡೆಯ ಬುಡವನ್ನು ಕೈಯೇ ಕಟ್ಟಿಕೊಡಬೇಕು, ಮುಂದಿನ ಉದ್ದವಷ್ಟೇ ಯಂತ್ರದ ಪಾಲು. ಇತ್ತ ನಮ್ಮ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ, ಮನೆಮನೆಯಿಂದ ಬಂದ ಬಾಚಣಿಗೆಯ ಕೂದಲನ್ನು ಹೆಂಗಸರು ದಿನವಿಡೀ ಕುಳಿತು ಬಿಡಿಸಿ, ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಾರೆ; ಅದು ಕಡಲಾಚೆ ಹೋಗಿ ಯಾರುಯಾರದೋ ಟೋಪನ್ನು ಸೇರುತ್ತದೆ. 2022ರ ಜನವರಿಯಲ್ಲಿ ಕೇಂದ್ರ ಸರಕಾರ ಕೂದಲಿನ ರಫ್ತಿಗೆ ನಿರ್ಬಂಧ ಹಾಕಿದಾಗ ಅದು ಪತ್ರಿಕೆಗಳ ವಾಣಿಜ್ಯಪುಟದ ಸುದ್ದಿಯಾಯಿತು. ಧಾರವಾಡದ ಗೋಡೆಯ ಗೂಡಿನಲ್ಲಿದ್ದ ಉಂಡೆಗಳಿಗೆ ಅತ್ತೆ ಬೆಲೆ ಕಟ್ಟಿರಲಿಲ್ಲ.

ಪುಣೆಯ ಮನೆಯಲ್ಲಿ ಯಂತ್ರ ಒಂದು ತಿಂಗಳು ನಡೆಯಿತು. ಹದಿನಾರರ ಹುಡುಗಿ ಕನ್ನಡಿಯ ಮುಂದೆ ನಿಂತು ಗುಂಡಿ ಒತ್ತಿ ಐದು ನಿಮಿಷದಲ್ಲಿ ಎರಡು ಹಗ್ಗ ಹೊಸೆದುಕೊಂಡು ಹೊರಡುವಳು. ಬೆಳಗಿನ ಹೊತ್ತು ನಿಶ್ಶಬ್ದವಾಯಿತು. ಅಜ್ಜಿ ಅದೇ ಮಣೆಯ ಮೇಲೆ, ಅದೇ ಹೊತ್ತಿಗೆ ಬಂದು ಕುಳಿತು, ಚಹ ಕುಡಿದು ಏಳುತ್ತಿದ್ದಳು. ಒಂದು ದಿನ ಮೊಮ್ಮಗಳು ಬಾಗಿಲಲ್ಲಿ ನಿಂತು, ಹೋಗಿ ಬರುತ್ತೇನೆ ಎಂಬುದನ್ನು ಮರಾಠಿಯಲ್ಲಿ ಹೇಳಿ ಹೋದಳು. ಅಜ್ಜಿಯೂ ಮರಾಠಿಯಲ್ಲೇ ಉತ್ತರಿಸಿದಳು. ಉತ್ತರಿಸಿದ ಮೇಲೆಯೇ ಅದು ಆಕೆಯ ಗಮನಕ್ಕೆ ಬಂದದ್ದು.

ಕಾಲೇಜಿನ ಗ್ಯಾದರಿಂಗಿಗೆ ಹುಡುಗಿ ನವವಾರಿ ಸೀರೆ ಉಡುವುದೆಂದಾಯಿತು. ಹೆರಳು ಸೊಂಟದ ತನಕ ಬೇಕು. ಕಪಾಟಿನಿಂದ ಹಳೆಯ ಚೌರಿ ಹೊರಬಂದಿತು. ಹುಡುಗಿ ತನ್ನ ಕೂದಲನ್ನೂ ಚೌರಿಯನ್ನೂ ಕೂಡಿಸಿ ಕೊಕ್ಕೆಗೆ ಸಿಕ್ಕಿಸಿ ಗುಂಡಿ ಒತ್ತಿದಳು. ಅರ್ಧ ಗೇಣು ತಿರುಗಿದ ಯಂತ್ರ, ಎರಡು ಬಗೆಯ ಕೂದಲು ಒಂದೇ ವೇಗದಲ್ಲಿ ಬಾರದೆ, ಗಂಟು ಹಾಕಿಕೊಂಡು ನಿಂತಿತು. ಕತ್ತರಿ ಹುಡುಕುತ್ತಿದ್ದ ಹುಡುಗಿಯನ್ನು ಅಜ್ಜಿ ತಡೆದಳು. ತಾಸಿನಷ್ಟು ಹೊತ್ತು ಬಾತ ಬೆರಳುಗಳಿಂದಲೇ, ತುದಿಯಿಂದ ಬುಡಕ್ಕೆ, ಒಂದೊಂದೇ ಸಿಕ್ಕು ಬಿಡಿಸಿದಳು. ಬಿಡಿಸುವುದು ಸಾಧ್ಯವಾಯಿತು, ಹೆಣೆಯುವುದು ಸಾಧ್ಯವಿರಲಿಲ್ಲ. ಆಗ ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಹುಡುಗಿಯ ಬೆನ್ನ ಹಿಂದೆ ಕುಳಿತು, ಬಾಯಿಂದ ಹೇಳತೊಡಗಿದಳು. "ಬಲಗಡಿ ಎಳಿ ನಡುವ ತಾ. ಈಗ ಎಡಗಡಿದು. ಜಗ್ಗಬ್ಯಾಡ, ಬಿಗಿ ಹಿಡಿ. ಮೂರನೇದಕ್ಕ ಚೌರಿ ಕೂಡಸು. ಎಡಕಿನ ಎಳಿ ಸಣ್ಣ ಆಗೇದ, ನಾಕ ಕೂದಲ ಕಡಾ ತಗೋ." ಹುಡುಗಿಯ ಕೈ ಭುಜದ ಹಿಂದೆ ಕಾಣದ ಜಾಗದಲ್ಲಿ ಆ ಮಾತುಗಳ ಹಿಂದೆ ಹಿಂದೆ ಹೋಯಿತು. 'ಕಡ' ಎಂದರೇನೆಂದು ನಡುವೆ ನಿಲ್ಲಿಸಿ ಕೇಳಿದಳು. ಸಾಲ ಎಂದು ತಿಳಿದು ಮುಂದುವರಿಸಿದಳು.

ಹೆರಳು ನೆಟ್ಟಗೆ ಬರಲಿಲ್ಲ. ಚೌರಿ ಕೂಡಿದ ಜಾಗ ಯಾರಿಗಾದರೂ ಕಾಣುವಂತಿತ್ತು, ತುದಿ ಎಡಕ್ಕೆ ವಾಲಿತ್ತು. ಅಜ್ಜಿ ಅಂಗೈಯನ್ನು ಮೇಲಿನಿಂದ ಕೆಳಗಿನ ತನಕ ಒಮ್ಮೆ ಆಡಿಸಿ, "ಏಳು" ಎಂದಳು.

ಯಂತ್ರ ಮೇಜಿನ ಖಾನೆಯಲ್ಲಿದೆ. ಅದರ ಬ್ಯಾಟರಿಗಳನ್ನು ಆ ವಾರವೇ ಗೋಡೆಯ ಗಡಿಯಾರಕ್ಕೆ ಹಾಕಲಾಯಿತು.