ಐದನೇ ಪಂದ್ಯ ಯಾರ ಊರಿನಲ್ಲಿ?

ನನ್ನ ಅಣ್ಣ ಓದುತ್ತಿರುವುದು ಕೆನಡಾದ ಹ್ಯಾಲಿಫ್ಯಾಕ್ಸ್ ಎಂಬ ಕಡಲ ದಂಡೆಯ ಊರಿನಲ್ಲಿ. ಅವನು ಹೋದ ಮೇಲೆ ಬಂದ ಮೊದಲ ರಂಜಾನ್‌ನಲ್ಲಿ ನಾವಿಲ್ಲಿ ಸಹರಿಗೆ ಎದ್ದಾಗ ಅಲ್ಲಿ ಇಫ್ತಾರ್ ಹೊತ್ತು. ಒಂದು ದಿನ ವಿಡಿಯೊ ಕಾಲ್‌ನಲ್ಲಿ ಹಿಂದೆ ಸಾವಿರಾರು ಜನರ ಕೂಗು.

"ಎಲ್ಲಿದ್ದೀಯೋ, ಇದೇನು ಗಲಾಟೆ?" ಎಂದರು ಅಮ್ಮಿ.

"ಐಸ್ ಹಾಕಿ ಅಮ್ಮಿ, ಪ್ಲೇಆಫ್," ಎಂದು ಖರ್ಜೂರ ಬಾಯಿಗೆ ಹಾಕಿಕೊಂಡ.

ಹಾಗೆ ನನಗೂ ಆ ಆಟದ ಹುಚ್ಚು ಹತ್ತಿತು. ಅಲ್ಲಿನ ತಂಡದ ಹೆಸರು ಹ್ಯಾಲಿಫ್ಯಾಕ್ಸ್ ಮೂಸ್‌ಹೆಡ್ಸ್. ಇದು ಜೂನಿಯರ್ ಲೀಗ್. ಆಡುವವರು 16ರಿಂದ 20 ವರ್ಷದವರು, ಅಂದರೆ ಚಿಕ್ಕವರು ನಮ್ಮ ಫಸ್ಟ್ ಪಿಯುಸಿ ವಯಸ್ಸಿನವರು. ಅವರಲ್ಲಿ ಎಷ್ಟೋ ಜನರಿಗೆ ಇನ್ನೂ ಶಾಲೆಯೂ ಇದೆ, ಪರೀಕ್ಷೆಯೂ ಇದೆ. ಪ್ಲೇಆಫ್‌ನಲ್ಲಿ ಎರಡು ತಂಡಗಳ ನಡುವೆ ಏಳು ಪಂದ್ಯಗಳ ಸರಣಿ; ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಯಾವ ಪಂದ್ಯ ಯಾರ ಊರಿನಲ್ಲಿ ಎಂಬ ಪ್ರಶ್ನೆಯ ಮೇಲೆಯೇ ಅಣ್ಣನಿಗೂ ನನಗೂ ಜಗಳ.

ಒಂದು ಪದ್ಧತಿಯನ್ನು 2-2-1-1-1 ಎಂದು ಬರೆಯುತ್ತಾರೆ. ಲೀಗ್ ಹಂತದಲ್ಲಿ ಮೇಲಿನ ಸ್ಥಾನ ಪಡೆದ ತಂಡದ ಊರಿನಲ್ಲಿ ಮೊದಲೆರಡು ಪಂದ್ಯ, ಎದುರಾಳಿಯ ಊರಿನಲ್ಲಿ ಮುಂದಿನ ಎರಡು, ಆಮೇಲೆ ಒಂದೊಂದು ಪಂದ್ಯಕ್ಕೂ ಊರು ಬದಲು. ಇನ್ನೊಂದು 2-3-2. ಇದರಲ್ಲಿ ನಡುವಿನ ಮೂರೂ ಪಂದ್ಯ ಕೆಳಗಿನ ಸ್ಥಾನದ ತಂಡದ ಊರಿನಲ್ಲಿ. ಏಳೂ ಪಂದ್ಯ ನಡೆದರೆ ಎರಡರಲ್ಲೂ ಲೆಕ್ಕ ಒಂದೇ: ಮೇಲಿನವರಿಗೆ ನಾಲ್ಕು, ಕೆಳಗಿನವರಿಗೆ ಮೂರು.

ಆದರೆ ಏಳೂ ನಡೆಯದಿದ್ದರೆ? ಅಣ್ಣನ ವಾದ ಅದೇ. 2-3-2ರಲ್ಲಿ ಸರಣಿ ಐದನೇ ಪಂದ್ಯಕ್ಕೇ ಮುಗಿದರೆ, ಆರು ತಿಂಗಳು ಬೆವರು ಸುರಿಸಿ ಮೇಲಿನ ಸ್ಥಾನ ಗಳಿಸಿದ ತಂಡಕ್ಕೆ ತವರಿನಲ್ಲಿ ಸಿಕ್ಕಿದ್ದು ಎರಡೇ ಪಂದ್ಯ, ಎದುರಾಳಿಗೆ ಮೂರು. ಅವನು ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್‌ನ ಉದಾಹರಣೆಯನ್ನೂ ತಂದ. ಅವರು 1985ರಿಂದ 2013ರವರೆಗೆ ಫೈನಲ್ಸ್ ಅನ್ನು 2-3-2ರಲ್ಲಿ ಆಡಿಸಿ, 2014ರಲ್ಲಿ ಮತ್ತೆ 2-2-1-1-1ಕ್ಕೆ ಮರಳಿದರು. "ದೊಡ್ಡವರೇ ಬಿಟ್ಟ ಮೇಲೆ ಇನ್ನೇನು?" ಎಂದ.

ನಾನು ಭೂಪಟ ತೆಗೆದೆ. 2019ರಲ್ಲಿ ಈ ಲೀಗಿನ ಫೈನಲ್‌ನಲ್ಲಿ ಹ್ಯಾಲಿಫ್ಯಾಕ್ಸ್‌ಗೆ ಎದುರಾದದ್ದು ಕ್ವಿಬೆಕ್ ಪ್ರಾಂತ್ಯದ ಪಶ್ಚಿಮದಲ್ಲಿರುವ ರುವಾನ್-ನೊರಾಂಡಾ. ಎರಡು ಊರುಗಳ ನಡುವೆ ರಸ್ತೆಯಲ್ಲಿ 1,700 ಕಿಲೋಮೀಟರ್‌ಗೂ ಹೆಚ್ಚು ದೂರ. ಸರಣಿ ಏಳನೇ ಪಂದ್ಯದವರೆಗೆ ಹೋದರೆ 2-2-1-1-1ರಲ್ಲಿ ನಾಲ್ಕು ಸಲ ಊರು ಬದಲಿಸಬೇಕು, 2-3-2ರಲ್ಲಿ ಎರಡೇ ಸಲ. ಎನ್‌ಬಿಎ ಆಟಗಾರರಿಗೆ ತಂಡದ ವಿಶೇಷ ವಿಮಾನವಿದೆ. ಜೂನಿಯರ್ ಹಾಕಿ ಎಂದರೆ ಬಹುಮಟ್ಟಿಗೆ ಬಸ್ಸು.

ಬಸ್ಸಿನ ವಿಷಯ ನನಗೆ ಗೊತ್ತು. ಹೈಸ್ಕೂಲಿನಲ್ಲಿ ವಾಲಿಬಾಲ್ ತಂಡದಲ್ಲಿದ್ದಾಗ ಒಮ್ಮೆ ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಬೆಳಿಗ್ಗೆ ಎಂಟಕ್ಕೆ ಅಂಗಳಕ್ಕಿಳಿದಿದ್ದೆವು. ಎದುರಾಳಿಗಳು ಮನೆಯಲ್ಲಿ ತಿಂಡಿ ತಿಂದು ಬಂದಿದ್ದರು. ಎರಡು ಸೆಟ್‌ಗೆ ನಮ್ಮ ಆಟ ಮುಗಿಯಿತು. ನಾವು ಅವರಿಗಿಂತ ಚೆನ್ನಾಗಿ ಆಡುತ್ತಿದ್ದೆವೆಂದು ನಾನೇನೂ ಹೇಳುವುದಿಲ್ಲ (ನನ್ನ ಸರ್ವಿಸ್ ನೆಟ್ ದಾಟಿದ್ದೇ ಅಪರೂಪ). ಆದರೆ ಅಂದು ಯಾರ ಆಟ ಚೆನ್ನಾಗಿತ್ತು ಎಂಬುದು ನಮಗೂ ತಿಳಿಯಲಿಲ್ಲ, ಅವರಿಗೂ ತಿಳಿಯಲಿಲ್ಲ.

ಹಂಬೋಲ್ಟ್ ಬಗ್ಗೆ ಹೇಳಿದ್ದು ಅಣ್ಣನೇ. 2018ರ ಏಪ್ರಿಲ್ 6ರಂದು ಸಸ್ಕಾಚವಾನ್ ಪ್ರಾಂತ್ಯದ ಹಂಬೋಲ್ಟ್ ಬ್ರಾಂಕೋಸ್ ಎಂಬ ಜೂನಿಯರ್ ತಂಡ ಪ್ಲೇಆಫ್‌ನ ಐದನೇ ಪಂದ್ಯಕ್ಕೆಂದು ನಿಪಾವಿನ್ ಊರಿಗೆ ಹೊರಟಿತ್ತು. ಸರಣಿಯಲ್ಲಿ 3-1ರಿಂದ ಹಿಂದಿದ್ದರು, ಸೋತರೆ ಮನೆಗೆ. ದಾರಿಯ ಕೂಡುರಸ್ತೆಯಲ್ಲಿ ನಿಲ್ಲಬೇಕಾಗಿದ್ದ ಲಾರಿಯೊಂದು ನಿಲ್ಲಲಿಲ್ಲ. ಬಸ್ಸಿನಲ್ಲಿದ್ದ 29 ಜನರಲ್ಲಿ 16 ಮಂದಿ ತೀರಿಹೋದರು, 13 ಮಂದಿ ಗಾಯಗೊಂಡರು. ಆ ದಿನಗಳಲ್ಲಿ ಕೆನಡಾದ ಉದ್ದಗಲಕ್ಕೂ ಜನ ರಾತ್ರಿ ಮನೆಯ ಬಾಗಿಲ ಹೊರಗೆ ಹಾಕಿ ಸ್ಟಿಕ್ ಇಟ್ಟರಂತೆ, ಆ ಹುಡುಗರಿಗೆ ಬೇಕಾದೀತೇನೋ ಎಂಬಂತೆ.

ಅದು ವೇಳಾಪಟ್ಟಿಯ ತಪ್ಪಲ್ಲ. ಎರಡೂ ಊರುಗಳು ಕೆಲವು ಗಂಟೆಗಳ ದಾರಿಯಷ್ಟೇ. ಯಾವ ಪದ್ಧತಿಯಲ್ಲಿ ಆಡಿಸಿದರೂ ಸರಣಿಯಲ್ಲಿ ಬಸ್ಸು ಹೋಗಿಬರಲೇಬೇಕಿತ್ತು. ಅದನ್ನು ನನ್ನ ವಾದಕ್ಕೆ ಬಳಸಿಕೊಳ್ಳುವುದು ಸರಿಯಲ್ಲ ಎಂದು ಅಣ್ಣ ಗದರಿದ, ಒಪ್ಪಿದೆ. ಆದರೂ ಅಂದಿನಿಂದ 2-2-1-1-1 ಎಂದು ಬರೆದಿರುವುದನ್ನು ಕಂಡಾಗಲೆಲ್ಲ ಅಂಕಿಗಳಿಗಿಂತ ಮೊದಲು ನಡುವಿನ ಗೆರೆಗಳು ಕಣ್ಣಿಗೆ ಬೀಳುತ್ತವೆ. ಒಂದೊಂದು ಗೆರೆಯೂ ಒಂದು ರಸ್ತೆ, ಮಂಜಿನಲ್ಲಿ, ರಾತ್ರಿಯಲ್ಲಿ, ನಮ್ಮ ವಯಸ್ಸಿನವರನ್ನು ತುಂಬಿಕೊಂಡ ಬಸ್ಸು.

ಹಾಗಾಗಿ ಹತ್ತಿರದ ಊರುಗಳಿಗೆ ಅಣ್ಣನ ಪದ್ಧತಿಯೇ ಇರಲಿ, ಬಲುದೂರವಿದ್ದರೆ 2-3-2 ಇರಲಿ ಎಂಬುದು ನನ್ನ ಮಾತು. ಮೇಲಿನ ತಂಡಕ್ಕೆ ಐದನೇ ಪಂದ್ಯದಲ್ಲಿ ಆಗುವ ನಷ್ಟ ನಿಜವೇ. ಆದರೆ ದಾರಿ ಕಡಿಮೆಯಾದರೆ ನಿದ್ದೆ ಸಿಗುವುದು ಎರಡೂ ತಂಡಕ್ಕೆ, ತರಗತಿ ಉಳಿಯುವುದು ಎರಡೂ ಕಡೆಯವರಿಗೆ.

ಈ ಸಲ ಫೋನ್ ಮಾಡಿದಾಗ ಅಣ್ಣ ಸ್ವಲ್ಪ ಇಳಿದುಬಂದ. ಮೇಲಿನ ಸ್ಥಾನದ ತಂಡವೇ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲಿ, ಆದರೆ ಸರಣಿ ಶುರುವಾಗುವ ಮೊದಲೇ ಹೇಳಿಬಿಡಲಿ, ಆಗ ಯಾರಿಗೂ ಅನ್ಯಾಯವಿಲ್ಲ ಎಂದ. "ಆರಿಸುವುದು ಯಾರು, ಟಿಕೆಟ್ ಮಾರುವ ಮಾಲೀಕರೋ, ಬಸ್ಸಿನಲ್ಲಿ ಕೂರುವ ಹುಡುಗರೋ?" ಎಂದು ಕೇಳಿದೆ. ಅಷ್ಟರಲ್ಲಿ ಅಲ್ಲಿ ಗೋಲ್ ಆಯಿತು, ಅವನಿಗೆ ನನ್ನ ಮಾತು ಕೇಳಿಸಲಿಲ್ಲ.