ಪೋಪ್ ನಿಲುವಂಗಿ ತೊಡುವ ಹೊತ್ತು

ವೇದಿಕೆಯ ಮೇಲೆ ‘ಅಧಿಕಾರ ತೋರಿಸಿ’ ಎಂದರೆ ಒಂಬತ್ತನೇ ತರಗತಿಯ ಮಕ್ಕಳು ಮೊದಲು ಮಾಡುವುದು ದನಿ ಎತ್ತರಿಸುವುದು. ಎದೆ ಉಬ್ಬಿಸುತ್ತಾರೆ, ಮೀಸೆ ತಿರುವುತ್ತಾರೆ, ‘ಯಾರಲ್ಲಿ!’ ಎಂದು ಕೂಗುತ್ತಾರೆ. ನಮ್ಮ ಕಾಲೇಜಿನ ಕಾರ್ಯಾಗಾರದಲ್ಲಿ ನಾವು ಪ್ರಶಿಕ್ಷಣಾರ್ಥಿಗಳು ಮಾಡಿದ್ದೂ ಇದನ್ನೇ. ಸಿನಿಮಾ, ಧಾರಾವಾಹಿ, ಊರ ಜಾತ್ರೆಯ ನಾಟಕಗಳಿಂದ ನಮಗೆಲ್ಲ ಬಂದಿರುವ ಚಿತ್ರ ಅದು. ಆದರೆ ಹಾಗೆ ಕೂಗುವವನನ್ನು ಕಂಡರೆ ಎದುರಿಗೆ ಕೂತವರಿಗೆ ಹೆದರಿಕೆಗಿಂತ ನಗು ಬರುವುದೇ ಹೆಚ್ಚು.

‘ಶಿಕ್ಷಣದಲ್ಲಿ ನಾಟಕ ಮತ್ತು ಕಲೆ’ ವಿಷಯದ ಪ್ರಾಯೋಗಿಕ ಕೆಲಸಕ್ಕೆ ನಾನು ಆರಿಸಿಕೊಂಡದ್ದು ಬರ್ಟೋಲ್ಟ್ ಬ್ರೆಖ್ಟ್‌ನ ಗೆಲಿಲಿಯೊ ನಾಟಕದ ಎರಡು ದೃಶ್ಯಗಳನ್ನು. ಬಿ.ಎಸ್ಸಿ.ಯಲ್ಲಿ ಭೌತವಿಜ್ಞಾನ ಓದಿದ ನನಗೆ ಗೆಲಿಲಿಯೊ ಪರಿಚಿತ ಎಂಬುದು ಒಂದು ಕಾರಣ. ಇನ್ನೊಂದು, ಈ ನಾಟಕ ಬರೆದವನು ಅಧಿಕಾರವನ್ನು ಹತ್ತಿರದಿಂದ ಕಂಡವನು. ಹಿಟ್ಲರನ ಜರ್ಮನಿಯನ್ನು ಬಿಟ್ಟು ಡೆನ್ಮಾರ್ಕಿನಲ್ಲಿ ನೆಲೆಸಿದ್ದಾಗ, 1938–39ರಲ್ಲಿ, ಬ್ರೆಖ್ಟ್ ಇದರ ಮೊದಲ ರೂಪ ಬರೆದ. ಮೊದಲ ಪ್ರದರ್ಶನ 1943ರಲ್ಲಿ ಜ್ಯೂರಿಚ್‌ನಲ್ಲಿ. ಹಿರೋಶಿಮಾದ ಮೇಲೆ ಬಾಂಬು ಬಿದ್ದ ಮೇಲೆ ವಿಜ್ಞಾನಿಯ ಹೊಣೆ ಅವನಿಗೆ ಬೇರೆಯಾಗಿ ಕಂಡು ನಾಟಕವನ್ನು ತಿದ್ದಿದ. ನಾನು ಆ ಚರ್ಚೆಗೆ ಹೋಗಲಿಲ್ಲ. ನಲವತ್ತು ನಿಮಿಷದ ಎರಡು ಅವಧಿಗಳಿಗೆ ಅದು ಹೊರೆ.

ಈ ಎರಡು ದೃಶ್ಯಗಳಲ್ಲಿ ಮೊದಲನೆಯದರಲ್ಲಿ ಗೆಲಿಲಿಯೊ ಬರುವುದೇ ಇಲ್ಲ, ಎರಡನೆಯದರಲ್ಲಿ ಕೊನೆಯ ಹೊತ್ತಿಗೆ ಬರುತ್ತಾನೆ. ಯಾರೂ ಯಾರನ್ನೂ ಹೊಡೆಯುವುದಿಲ್ಲ. ಚಿತ್ರಹಿಂಸೆಯ ಸಲಕರಣೆಗಳ ಮಾತು ಬರುತ್ತದೆ, ಅವು ಕಣ್ಣಿಗೆ ಬೀಳುವುದಿಲ್ಲ.

ಮೊದಲ ದೃಶ್ಯ ಪೋಪನ ಕೋಣೆಯಲ್ಲಿ. ಎಂಟನೇ ಅರ್ಬನ್ ಎಂಬ ಈ ಪೋಪ್ ಹಿಂದೆ ಬಾರ್ಬೆರಿನಿ ಎಂಬ ಕಾರ್ಡಿನಲ್ ಆಗಿದ್ದವನು, ಗಣಿತ ಬಲ್ಲವನು, ಗೆಲಿಲಿಯೊನನ್ನು ಮೆಚ್ಚಿದವನು. ಧರ್ಮವಿಚಾರಣೆಯ ಮುಖ್ಯಸ್ಥ ಎದುರು ನಿಂತು ಗೆಲಿಲಿಯೊನನ್ನು ಬಗ್ಗಿಸಲು ಅನುಮತಿ ಕೇಳುತ್ತಿದ್ದಾನೆ. ಮಾತು ನಡೆಯುತ್ತಿರುವಾಗಲೇ ಪೋಪನಿಗೆ ಒಂದೊಂದಾಗಿ ಉಡುಪು ತೊಡಿಸುತ್ತಾರೆ. ಶುರುವಿನಲ್ಲಿ ಆತ ಖಡಾಖಂಡಿತವಾಗಿ ಆಗದು ಎನ್ನುತ್ತಾನೆ. ಪೂರ್ತಿ ಉಡುಪು ಮೈಮೇಲೆ ಬರುವ ಹೊತ್ತಿಗೆ, ಸಲಕರಣೆಗಳನ್ನು ತೋರಿಸಬಹುದು, ಅದಕ್ಕಿಂತ ಮುಂದೆ ಬೇಡ ಎನ್ನುವಲ್ಲಿಗೆ ಇಳಿದಿರುತ್ತಾನೆ. ಹೊರಗಿನ ಓಣಿಯಿಂದ ತುಂಬ ಜನರ ಕಾಲಸಪ್ಪಳ ಕೇಳುತ್ತಿರುತ್ತದೆ.

ಸಂಭಾಷಣೆಯನ್ನು ಮಕ್ಕಳ ಮಾತಿನಲ್ಲೇ ಏಳೆಂಟು ಸಾಲಿಗೆ ಇಳಿಸಿದೆವು. ಉಡುಪು ಎಲ್ಲಿಂದ ತರುವುದು? ಮುಖ್ಯ ಶಿಕ್ಷಕರ ಬೀರುವಿನಲ್ಲಿ ಹಳೆಯ ಸನ್ಮಾನಗಳ ಜರಿಶಾಲುಗಳಿದ್ದವು, ಒಂದು ಮೈಸೂರು ಪೇಟ, ಒಂದು ಏಲಕ್ಕಿ ಹಾರ. ರೋಮಿನ ಪೋಪನಿಗೆ ಮೈಸೂರು ಪೇಟ! ಮೊದಲ ಶಾಲು ಹೊದಿಸಿದಾಗ ತರಗತಿ ನಕ್ಕಿತು, ಎರಡನೆಯದಕ್ಕೂ ನಕ್ಕಿತು. ಹಾರ ಹಾಕಿ ಪೇಟ ಇಡುವ ಹೊತ್ತಿಗೆ ನಗು ನಿಂತಿತ್ತು. ಆ ಹುಡುಗ ದನಿ ಎತ್ತಿರಲಿಲ್ಲ. ಪೇಟ ಜಾರೀತೆಂದು ತಲೆ ಅಲುಗಿಸದೆ ಕೂತಿದ್ದ, ಅಷ್ಟೆ. ಕತ್ತು ತಿರುಗಿಸಲಾರದವನು ಎದುರಿಗಿದ್ದವನ ಮುಖ ನೋಡದೆಯೇ ‘ಸರಿ’ ಎಂದುಬಿಟ್ಟ. ಕಿಟಕಿಯಾಚೆ ಆರು ಮಕ್ಕಳು ಚಪ್ಪಲಿ ಎಳೆಯುತ್ತ ಅತ್ತಿಂದಿತ್ತ ನಡೆಯುತ್ತಿದ್ದರು. ಆ ಸದ್ದು ನಿಂತಿದ್ದರೆ ಅವನು ‘ಸರಿ’ ಎನ್ನುತ್ತಿದ್ದನೋ ಇಲ್ಲವೋ ಎಂಬ ಮೇಲೆ ಆಮೇಲೆ ದೊಡ್ಡ ವಾದವೇ ನಡೆಯಿತು.

ಉಡುಪು ತೊಡಿಸಿದ ಹುಡುಗಿ ಹೇಳಿದ್ದನ್ನು ನನ್ನ ದಿನಚರಿಯಲ್ಲಿ ಹಾಗೇ ಬರೆದಿಟ್ಟಿದ್ದೇನೆ: “ಮೇಡಂ, ಮೊದಲು ಅವನ ಮುಖ ನೋಡ್ತಾ ಇದ್ದೆ. ಆಮೇಲೆ ಶಾಲಿನ ಮಡಿಕೆ ಸರಿ ಇದೆಯಾ ಅಂತ ಅಷ್ಟೇ ನೋಡ್ದೆ.”

ರಾಜನ ಪಾತ್ರವನ್ನು ನಿಜವಾಗಿ ಆಡುವವರು ಸುತ್ತ ನಿಂತವರು ಎಂದು ರಂಗಭೂಮಿಯಲ್ಲಿ ಹೇಳುವುದುಂಟು. ಆ ಹುಡುಗಿಯ ಮಾತು ಕೇಳಿದ ಮೇಲೆ ನನಗದು ಅರ್ಥವಾಯಿತು. ಗಿರೀಶ ಕಾರ್ನಾಡರ ‘ತುಘಲಕ್’ (1964) ನಾಟಕದ ಪ್ರಾರ್ಥನೆಯ ದೃಶ್ಯವನ್ನೂ ಹೀಗೆ ನೋಡಬಹುದು. ಪ್ರಾರ್ಥನೆಯ ಹೊತ್ತಿನಲ್ಲಿ ಸುಲ್ತಾನನನ್ನು ಕೊಲ್ಲಬೇಕೆಂದು ಅಮೀರರು ಹೊಂಚು ಹಾಕಿದ್ದಾರೆ. ಪರದೆಯ ಹಿಂದಿನಿಂದ ಅವನ ಕಾವಲುಗಾರರು ಹೊರಬಂದು ಅವರನ್ನು ಹಿಡಿಯುತ್ತಾರೆ, ಅವನು ಪ್ರಾರ್ಥನೆ ಮುಂದುವರಿಸುತ್ತಾನೆ. ಮೊಣಕಾಲೂರಿದವನೇ ಅಲ್ಲಿ ಎಲ್ಲರಿಗಿಂತ ಎತ್ತರ. ಯಕ್ಷಗಾನ ನೋಡಿ ಬೆಳೆದವರಿಗೆ ತೆರೆಯ ಹಿಂದೆ ನಿಂತ ಬಣ್ಣದ ವೇಷವನ್ನು ನೆನಪಿಸಿದರೂ ಸಾಕು. ಕಿರೀಟದ ತುದಿ ಮಾತ್ರ ಕಾಣುವಾಗಿನ ಹೆದರಿಕೆ ತೆರೆ ಸರಿದ ಮೇಲೆ ಅಷ್ಟು ಉಳಿಯುವುದಿಲ್ಲ.

ಎರಡನೆಯ ದೃಶ್ಯ ಕಾಯುವಿಕೆಯದು. ಗೆಲಿಲಿಯೊ ತನ್ನ ಮಾತು ಹಿಂತೆಗೆದುಕೊಂಡರೆ ಐದು ಗಂಟೆಗೆ ಸ್ಯಾನ್ ಮಾರ್ಕೊದ ಗಂಟೆ ಬಾರಿಸುತ್ತದೆ. ಅವನ ಶಿಷ್ಯರು ಕಾಯುತ್ತಿದ್ದಾರೆ. ಇತಿಹಾಸ ಮಕ್ಕಳಿಗೆ ಗೊತ್ತಿತ್ತು: 1633ರ ಜೂನ್ 22ರಂದು ಗೆಲಿಲಿಯೊ ಹಿಂತೆಗೆದುಕೊಂಡ, ಸಾಯುವವರೆಗೆ ಗೃಹಬಂಧನದಲ್ಲಿದ್ದ. “ಗೊತ್ತಿರೋದಕ್ಕೆ ಯಾಕೆ ಕಾಯೋದು?” ಎಂದು ಒಬ್ಬ ಕೇಳಿದ.

ಟೆನ್ಷನ್ ಎಂದರೆ ನಮ್ಮ ಆಡುಮಾತಿನಲ್ಲಿ ಪರೀಕ್ಷೆಯ ಹಿಂದಿನ ರಾತ್ರಿ. ಭೌತವಿಜ್ಞಾನದಲ್ಲಿ ಅದು ಹಗ್ಗದೊಳಗಿನ ಎಳೆತ. ಒಂದು ತುದಿ ಬಿಟ್ಟರೆ ಹಗ್ಗ ಜೋಲುತ್ತದೆ. ಮೊದಲ ಸಲ ಮಕ್ಕಳು ‘ಅಯ್ಯೋ ಏನಾಗುತ್ತೋ’ ಎಂದು ಉಗುರು ಕಚ್ಚುತ್ತ ಕೂತರು. ಎಲ್ಲರೂ ಒಂದೇ ಕಡೆಯಿಂದ ಎಳೆಯುತ್ತಿದ್ದರು. ಬ್ರೆಖ್ಟ್ ಅದೇ ಜಾಗದಲ್ಲಿ ಗೆಲಿಲಿಯೊನ ಮಗಳು ವರ್ಜೀನಿಯಾಳನ್ನೂ ಕೂರಿಸಿದ್ದಾನೆ. ಗಂಟೆ ಬಾರಿಸದಿರಲಿ ಎಂದು ಶಿಷ್ಯರು ಕಾಯುತ್ತಿದ್ದರೆ, ಅಪ್ಪ ಹಿಂತೆಗೆದುಕೊಳ್ಳಲಿ ಎಂದು ಅವಳು ಪ್ರಾರ್ಥಿಸುತ್ತಿದ್ದಾಳೆ. ಮಾತನ್ನೆಲ್ಲ ತೆಗೆದುಹಾಕಿ ಇಷ್ಟನ್ನು ಮಾತ್ರ ಉಳಿಸಿದೆವು: ಮೂವರು ಒಂದು ಮೂಲೆಯಲ್ಲಿ, ಒಬ್ಬಳು ಎದುರು ಮೂಲೆಯಲ್ಲಿ, ನಡುವೆ ಗೋಡೆ ಗಡಿಯಾರ. ಐದು ಆಗಿ ಮೂರು ನಿಮಿಷ ಕಳೆದರೂ ಗಂಟೆ ಇಲ್ಲ. ಶಿಷ್ಯರು ಒಬ್ಬರನ್ನೊಬ್ಬರು ತಬ್ಬಿ ಕುಣಿಯುತ್ತಾರೆ. ಹೇಗೂ ಸೋಲುವುದಿದೆ, ಈ ಕುಣಿತ ಬಿಟ್ಟುಬಿಡೋಣ ಎಂದು ಮಕ್ಕಳ ಸಲಹೆ. ನಾನು ಒಪ್ಪಲಿಲ್ಲ. ಆ ಖುಷಿ ಇಲ್ಲದಿದ್ದರೆ ಗಂಟೆಗೆ ಒಡೆಯಲು ಏನೂ ಇರುವುದಿಲ್ಲ.

ಶಾಲೆಯ ಗಂಟೆ ಮುಟ್ಟುವಂತಿರಲಿಲ್ಲ, ಮುಟ್ಟಿದರೆ ಇಡೀ ಶಾಲೆ ಮನೆಗೆ ಓಡುತ್ತಿತ್ತು. ಬಿಸಿಯೂಟದ ತಟ್ಟೆಯನ್ನು ಸೌಟಿನಿಂದ ಹೊಡೆದರು. ನಗು ಬರಬೇಕಿತ್ತು, ಬರಲಿಲ್ಲ. ವರ್ಜೀನಿಯಾ ಆಗಿದ್ದ ಹುಡುಗಿ ಖುಷಿಯಿಂದ ಎದ್ದು ನಿಂತವಳು, ಉಳಿದ ಮೂವರನ್ನು ನೋಡಿ ಹಾಗೇ ಮತ್ತೆ ಕೂತಳು. ಅದನ್ನು ನಾನು ಹೇಳಿಕೊಟ್ಟಿರಲಿಲ್ಲ.

ಇಷ್ಟನ್ನು ನೋಡಿದ ಮೇಲೆ ನಮ್ಮ ಪಾಠಾಭ್ಯಾಸದ ತರಗತಿಯೇ ನನಗೆ ಬೇರೆಯಾಗಿ ಕಾಣುತ್ತಿದೆ. ವೀಕ್ಷಣಾ ನಮೂನೆ ಹಿಡಿದು ಯಾರಾದರೂ ಹಿಂದಿನ ಬೆಂಚಿನಲ್ಲಿ ಕೂತರೆ ಸಾಕು, ನಲವತ್ತು ಬೆನ್ನುಗಳು ನೆಟ್ಟಗಾಗುತ್ತವೆ. ನಮ್ಮ ದನಿ ಬದಲಾಗುತ್ತದೆ. ಪಾಪ, ಮಕ್ಕಳು ನಮ್ಮನ್ನು ಪಾರುಮಾಡಲೆಂದೇ ಕೈ ಎತ್ತುತ್ತಾರೆ. ಹಿಂದೆ ಕೂತವರು ಒಂದು ಮಾತೂ ಆಡಿರುವುದಿಲ್ಲ. ನಮೂನೆಯಲ್ಲಿ ‘ತರಗತಿ ನಿಯಂತ್ರಣ’ ಎಂಬ ಅಂಕಣವಿದೆ. ನಾಟಕದ ವಾದ ನಡೆದ ದಿನ ವೀಕ್ಷಿಸಿದವರೊಬ್ಬರು ಅಲ್ಲಿ ‘ಗದ್ದಲ’ ಎಂದು ಬರೆದು ಅಂಕ ಕಡಿಮೆ ಮಾಡಿದರು. ನನಗೆ ಅದು ಒಪ್ಪಿಗೆಯಿಲ್ಲ. ನಿಶ್ಶಬ್ದಕ್ಕೇ ಪೂರ್ಣಾಂಕ ಎನ್ನುವುದಾದರೆ ಪೇಟ ತೊಟ್ಟ ಹುಡುಗನಿಗೇ ಅದು ಸಲ್ಲಬೇಕು.

ಆ ಗದ್ದಲದ ನಡುವೆಯೇ ಕೊನೆಯ ಸಾಲಿನ ಹುಡುಗ ಕೇಳಿದ್ದು: “ಭೂಮಿ ಸುತ್ತುತ್ತೆ ಅಂತ ನಾವೂ ನೀವು ಹೇಳಿದ್ದಕ್ಕೇ ಅಲ್ವಾ ಮೇಡಂ ನಂಬಿರೋದು?”

ಅದಕ್ಕೆ ಆ ಅವಧಿಯಲ್ಲಿ ಉತ್ತರ ಮುಗಿಯುವಂತಿರಲಿಲ್ಲ. ಆ ತಿಂಗಳು ಸಂಜೆಯ ಆಕಾಶದಲ್ಲಿ ಗುರುಗ್ರಹ ಕಾಣುತ್ತಿತ್ತು. ಒಬ್ಬಳ ಮಾವನ ಬಳಿ ಬೈನಾಕ್ಯುಲರ್ ಇತ್ತು. ಕಾಂಪೌಂಡ್ ಗೋಡೆಯ ಮೇಲೆ ಅಲುಗದಂತೆ ಇಟ್ಟು ನಾಲ್ಕು ಮಕ್ಕಳು ಆರು ರಾತ್ರಿ ನೋಡಿ, ಗ್ರಹದ ಅಕ್ಕಪಕ್ಕ ಕಂಡ ಚುಕ್ಕೆಗಳನ್ನು ಪುಸ್ತಕದಲ್ಲಿ ಗುರುತಿಸಿದರು. ಎರಡು ರಾತ್ರಿ ಮೋಡ. ಮೂರನೆಯ ಚಿತ್ರದಲ್ಲಿ ಮೂರೇ ಚುಕ್ಕೆಗಳಿದ್ದವು. ಪುಸ್ತಕದಲ್ಲಿ ನಾಲ್ಕು ಅಂತಿದೆಯಲ್ಲ, ಒಂದು ಸೇರಿಸಲಾ ಎಂದು ಹುಡುಗಿ ಪೆನ್ಸಿಲ್ ಹಿಡಿದು ಕೇಳಿದಳು. ಮೂರೇ ಇರಲಿ ಎಂದೆ. 1610ರ ಜನವರಿ 7ರಂದು ಗೆಲಿಲಿಯೊ ಗುರುತಿಸಿದ್ದೂ ಮೂರನ್ನೇ. ನಾಲ್ಕನೆಯದು ಅವನ ಚಿತ್ರಕ್ಕೆ ಬಂದದ್ದು 13ರಂದು.